ಒಡೆದ ತುಟಿಗೆ ಮನೆಯ ಮದ್ದು



ಸಂಕ್ರಾಂತಿ ಕಳೆದು ಶಿವರಾತ್ರಿ ಬರುವವರೆಗಿನ ದಿನಗಳಲ್ಲಿ ಚಾಮರಾಜನಗರ ಸೀಮೆಯ ಬದನಗುಪ್ಪೆ, ಮರಿಯಾಲ, ಕೆಲ್ಲಂಬಳ್ಳಿ ಸುತ್ತಿನ ಊರುಗಳಿಂದ ನಮ್ಮ ಆಸ್ಪತ್ರೆಗೆ ಬರುವವರ ಮುಖ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಬಹಳ ಜನರ ತುಟಿ ಒಡೆದಿರುತ್ತದೆ. ಅವರು ಬಂದಿರುವುದು ಅದಕ್ಕಲ್ಲ. ಮಂಡಿನೋವು, ಕೆಮ್ಮು, ಮೊಮ್ಮಗಳ ಜ್ವರ, ಹೀಗೆ ಬೇರೆ ಏನೋ ಕಾರಣ. "ತುಟಿಗೆ ಏನು ಹಚ್ತಾ ಇದ್ದೀರಮ್ಮ?" ಎಂದು ಕೇಳಿದರೆ, "ಅದೇನ್ ಕಾಯ್ಲನಾ ಡಾಕ್ಟ್ರಮ್ಮ? ಚಳಿಗ ಒಡ್ದದ, ಅದೇ ವಾಸಿ ಆಯ್ತದ" ಎನ್ನುತ್ತಾರೆ. ಅವರ ಮಾತು ಮುಕ್ಕಾಲು ಪಾಲು ಸರಿ. ಚಳಿಗೆ ಒಡೆದ ತುಟಿ ಮನೆಯಲ್ಲೇ ವಾಸಿಯಾಗುತ್ತದೆ. ಅದಕ್ಕೆ ಬಸ್ಸು ಹತ್ತಬೇಕಾಗಿಲ್ಲ, ದುಡ್ಡು ಸುರಿಯಬೇಕಾಗಿಲ್ಲ. ಆದರೆ ಒಡೆದ ತುಟಿಗಳೆಲ್ಲ ಚಳಿಗೇ ಒಡೆದವಲ್ಲ. ಯಾವುದು ಮನೆಮದ್ದಿಗೆ ಬಗ್ಗುತ್ತದೆ, ಯಾವುದು ಬಗ್ಗುವುದಿಲ್ಲ ಎನ್ನುವುದು ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಬೇಕು. ಅದನ್ನು ತಿಳಿಸುವುದಕ್ಕೇ ಇವತ್ತಿನ ಈ ಮಾತು.

ಮುಖದ ಉಳಿದ ಭಾಗಕ್ಕೂ ತುಟಿಗೂ ದೊಡ್ಡ ವ್ಯತ್ಯಾಸವಿದೆ. ಕೆನ್ನೆಯ ಚರ್ಮದ ಮೇಲ್ಪದರದಲ್ಲಿ ಜೀವಕೋಶಗಳು ಹದಿನೈದು ಹದಿನಾರು ಸಾಲಿನವರೆಗೂ ಒಂದರ ಮೇಲೊಂದು ಕೂತಿರುತ್ತವೆ. ತುಟಿಯ ಕೆಂಪು ಭಾಗದಲ್ಲಿ ಮೂರರಿಂದ ಐದು ಸಾಲು ಮಾತ್ರ. ಅದಕ್ಕೇ ಒಳಗಿನ ರಕ್ತದ ಬಣ್ಣ ಹೊರಗೆ ಕಾಣುತ್ತದೆ. ಅಲ್ಲಿ ಬೆವರಿನ ಗ್ರಂಥಿಗಳಿಲ್ಲ. ಮುಖಕ್ಕೆ ಜಿಡ್ಡು ಒದಗಿಸುವ ಗ್ರಂಥಿಗಳೂ ಇಲ್ಲವೆನ್ನುವಷ್ಟು ಕಡಿಮೆ. ಬಿಸಿಲನ್ನು ತಡೆಯುವ ಕಪ್ಪು ವರ್ಣದ್ರವ್ಯವೂ ಅಲ್ಲಿ ಕಡಿಮೆಯೇ. ಹೀಗಾಗಿ ಒಣಗಾಳಿ ಬೀಸಿದರೆ ಮೊದಲು ಏಟು ತಿನ್ನುವುದು ತುಟಿ.

ಇನ್ನು ನಮ್ಮ ಸೀಮೆ. ಒಂದು ಕಡೆ ನೀಲಗಿರಿ, ಇನ್ನೊಂದು ಕಡೆ ಬಿಳಿಗಿರಿರಂಗನ ಬೆಟ್ಟ, ನಡುವೆ ಚಾಮರಾಜನಗರ, ಗುಂಡ್ಲುಪೇಟೆಯ ಬಯಲು. ಮುಂಗಾರಿನ ಮೋಡ ಆಚೆ ಘಟ್ಟದಲ್ಲೇ ಬಹುಪಾಲು ಸುರಿದು, ನಮ್ಮ ಪಾಲಿಗೆ ಗಾಳಿಯನ್ನು ಕಳಿಸುತ್ತದೆ. ಚಳಿಗಾಲದ ಬೆಳಗಿನ ಕುಳಿರ್ಗಾಳಿ ಒಣಗಾಳಿ. ಹನ್ನೊಂದು ಗಂಟೆಗೆಲ್ಲ ಅದೇ ದಿನದ ಬಿಸಿಲು ಚುರುಗುಟ್ಟುತ್ತದೆ. ಇದೇ ಹೊತ್ತಿಗೆ ಅರಿಶಿನ ಕೀಳುವ ಕೆಲಸವೂ ಬರುತ್ತದೆ. ಗಡ್ಡೆ ಅಗೆದು, ಬಿಡಿಸಿ, ಕೊಪ್ಪರಿಗೆಯಲ್ಲಿ ಬೇಯಿಸಿ, ಕಣದಲ್ಲಿ ಹರಡಿ ಒಣಗಿಸುವವರೆಗೆ ಹೆಣ್ಣು ಗಂಡು ಎನ್ನದೆ ಇಡೀ ದಿನ ಗಾಳಿ, ಹಬೆ, ಹೊಗೆ, ಬಿಸಿಲಿಗೆ ಮುಖ ಒಡ್ಡಿ ನಿಂತಿರಬೇಕು. ಕುಡಿಯುವ ನೀರು ಬದುವಿನ ಮೇಲಿನ ಬಿಂದಿಗೆಯಲ್ಲಿರುತ್ತದೆ. ಸಾಲು ಬಿಟ್ಟು ಅಷ್ಟು ದೂರ ಯಾರು ಹೋಗುತ್ತಾರೆ? ಕರಿಕಲ್ಲಿನ ಕ್ವಾರಿಯಲ್ಲಿ ದುಡಿಯುವವರಿಗೆ ಇದರ ಜೊತೆಗೆ ಕಲ್ಲಿನ ಧೂಳೂ ಸೇರುತ್ತದೆ.

ಒಣಗಿದ ತುಟಿಗೆ ನಾವು ಮಾಡುವ ಮೊದಲ ಉಪಚಾರವೇ ಅದಕ್ಕೆ ಮೊದಲ ಶತ್ರು. ನಾಲಿಗೆಯಿಂದ ಸವರುವುದು. ಸವರಿದ ಕ್ಷಣ ಹಿತವಾಗುತ್ತದೆ. ಎಂಜಲು ಆರುವಾಗ ತುಟಿಯಲ್ಲಿದ್ದ ಅಷ್ಟಿಷ್ಟು ತೇವವನ್ನೂ ಎಳೆದುಕೊಂಡು ಹೋಗುತ್ತದೆ. ಸಗಣಿ ಸಾರಿಸಿದ ಅಂಗಳ ಬಿಸಿಲಿಗೆ ಆರಿ ಬಿರಿಯುತ್ತದಲ್ಲ, ಹಾಗೆ ಒದ್ದೆಯಾಗಿ ಒಣಗಿದಷ್ಟೂ ಸಲ ತುಟಿ ಇನ್ನಷ್ಟು ಬಿರಿಯುತ್ತದೆ. ಮೇಲಾಗಿ, ಎಂಜಲಿನಲ್ಲಿ ಅನ್ನವನ್ನು ಜೀರ್ಣಿಸುವ ಕಿಣ್ವಗಳಿರುತ್ತವೆ. ಬಾಯೊಳಗಿನ ಪದರ ಅದಕ್ಕೆ ಒಗ್ಗಿಕೊಂಡಿದೆ, ಹೊರತುಟಿ ಒಗ್ಗಿಕೊಂಡಿಲ್ಲ. ಶಾಲೆಯ ಮಕ್ಕಳಲ್ಲಿ ಬಾಯಿಯ ಸುತ್ತ, ಮೀಸೆ ಬರೆದಂತೆ, ಒಂದು ಕೆಂಪು ಕಪ್ಪು ಉಂಗುರ ಕಾಣುವುದುಂಟು. ಅದು ಹುಳುಕಡ್ಡಿಯಲ್ಲ, ದೃಷ್ಟಿಯಲ್ಲ. ನಾಲಿಗೆ ಎಲ್ಲಿಯವರೆಗೆ ಎಟುಕುತ್ತದೋ ಅಲ್ಲಿಯವರೆಗೆ ಚರ್ಮ ಸುಟ್ಟಂತಾಗಿರುತ್ತದೆ, ಅಷ್ಟೇ. ಅಂಥ ಮಗುವಿಗೆ ಗದರಬೇಡಿ. ಗದರಿದರೆ ಮರೆಯಲ್ಲಿ ಸವರುತ್ತದೆ. ಜೇಬಿನಲ್ಲಿ ಒಂದು ಸಣ್ಣ ಡಬ್ಬಿ ವ್ಯಾಸಲೀನ್ ಇಟ್ಟು, ನಾಲಿಗೆ ಹೋಗಬೇಕೆನಿಸಿದಾಗಲೆಲ್ಲ ಬೆರಳು ಹೋಗಲಿ ಎಂದು ಹೇಳಿಕೊಡಿ. ಒಂದು ವಾರದಲ್ಲಿ ಉಂಗುರ ತಿಳಿಯಾಗತೊಡಗುತ್ತದೆ.

ಸಿಪ್ಪೆ ಎದ್ದಾಗ ಹಲ್ಲಿನಿಂದ ಕಚ್ಚಿ ಎಳೆಯುವುದು ಎರಡನೆಯ ತಪ್ಪು. ಮೇಲೆ ಸತ್ತಂತೆ ಕಂಡ ಸಿಪ್ಪೆಯ ಬುಡ ಬದುಕಿರುವ ಚರ್ಮಕ್ಕೆ ಅಂಟಿಕೊಂಡಿರುತ್ತದೆ. ಎಳೆದರೆ ರಕ್ತ ಬರುತ್ತದೆ, ಮಾರನೆಯ ದಿನ ಅಲ್ಲಿ ಹಕ್ಕಳೆ ಕಟ್ಟುತ್ತದೆ, ಅದನ್ನೂ ಎಳೆಯಬೇಕೆನಿಸುತ್ತದೆ.

ಹಾಗಾದರೆ ಏನು ಹಚ್ಚಬೇಕು? ನಮ್ಮ ಅಜ್ಜಿಯಂದಿರು ಹೇಳಿದ ಬೆಣ್ಣೆ, ತುಪ್ಪ, ಕೊಬ್ಬರಿ ಎಣ್ಣೆ, ಹರಳೆಣ್ಣೆ, ನಾಲ್ಕೂ ಒಳ್ಳೆಯವೇ. ಆದರೆ ಹಚ್ಚುವ ಕ್ರಮ ಮುಖ್ಯ. ಒಣಗಿ ತೊಗಟೆಯಾದ ತುಟಿಯ ಮೇಲೆ ತುಪ್ಪ ಹಚ್ಚಿದರೆ ಒಣತನವನ್ನೇ ಮುಚ್ಚಿಟ್ಟಂತಾಗುತ್ತದೆ. ಜಿಡ್ಡು ನೀರನ್ನು ಕೊಡುವುದಿಲ್ಲ, ಇರುವ ನೀರನ್ನು ಹಿಡಿದಿಡುತ್ತದೆ. ಆದ್ದರಿಂದ ರಾತ್ರಿ ಮಲಗುವ ಮುಂಚೆ ತೆಳುವಾದ ಹಳೆಯ ಹತ್ತಿಬಟ್ಟೆಯನ್ನು, ತೊಳೆದು ಮಡಿಮಾಡಿದ್ದನ್ನು, ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿ ತುಟಿಯ ಮೇಲೆ ಎರಡು ಮೂರು ನಿಮಿಷ ಇಟ್ಟುಕೊಳ್ಳಿ. ಉಜ್ಜಬೇಡಿ. ತುಟಿ ನೆನೆದು ಮೆತ್ತಗಾದಾಗ, ಇನ್ನೂ ಹಸಿ ಇರುವಾಗಲೇ, ತುಪ್ಪವನ್ನೋ ಎಣ್ಣೆಯನ್ನೋ ಧಾರಾಳವಾಗಿ ಹಚ್ಚಿ ಮಲಗಿ. ಹಗಲಿನಲ್ಲಿ ಉಂಡಾದ ಮೇಲೆ, ಮುಖ ತೊಳೆದ ಮೇಲೆ, ಹೊಲಕ್ಕೆ ಹೊರಡುವ ಮುಂಚೆ ಮತ್ತೆ ಹಚ್ಚಿ. ದಿನಕ್ಕೆ ಐದಾರು ಸಲವಾದರೂ ಆಗಬೇಕು. ಒಂದು ಸಲ ಹಚ್ಚಿ ಬಿಟ್ಟವರೇ "ಏನ್ ಹಚ್ಚುದ್ರೂ ಹೋಗ್ತಿಲ್ಲ" ಎನ್ನುವುದು. ಬೆಣ್ಣೆಯಾದರೆ ಮನೆಯಲ್ಲಿ ಕಡೆದದ್ದು, ಉಪ್ಪು ಹಾಕದ್ದು ಆಗಬೇಕು. ಅಂಗಡಿಯ ಉಪ್ಪು ಬೆಣ್ಣೆ ಬಿರುಕಿಗೆ ಬಿದ್ದರೆ ಉರಿಯುತ್ತದೆ.

ವ್ಯಾಸಲೀನ್ ಎಂದೆ. ಪೆಟ್ರೋಲಿಯಂನಿಂದ ತೆಗೆದದ್ದು ಎಂದು ಕೆಲವರು ಹಿಂಜರಿಯುತ್ತಾರೆ. ಹಿಂಜರಿಯಬೇಕಾಗಿಲ್ಲ. 1872ರಲ್ಲಿ ಅಮೆರಿಕದ ರಾಬರ್ಟ್ ಚೀಸ್‌ಬ್ರೋ ಪೇಟೆಂಟ್ ಪಡೆದಾಗಿನಿಂದ ಇದು ಬಳಕೆಯಲ್ಲಿದೆ. ಶುದ್ಧಗೊಳಿಸಿದ ಈ ಜೆಲ್ಲಿಗೆ ವಾಸನೆಯಿಲ್ಲ, ಅಲರ್ಜಿ ಬಲು ಅಪರೂಪ, ನೀರು ಆರದಂತೆ ತಡೆಯುವುದರಲ್ಲಿ ಎಣ್ಣೆಗಳಿಗಿಂತ ಮೇಲು. ಬೆಲೆಯೂ ಕಡಿಮೆ, ಒಂದು ಸಣ್ಣ ಡಬ್ಬಿ ಒಬ್ಬರಿಗೆ ಬಹಳ ದಿನ ಬರುತ್ತದೆ. ಬಣ್ಣದ, ಪರಿಮಳದ, ತಂಪು ಕೊಡುವ ದುಬಾರಿ ಕಡ್ಡಿಗಳಿಗಿಂತ ಇದನ್ನೇ ನಾನು ಮೊದಲು ಹೇಳುವುದು.

ಕೈಯಾರೆ ಮಾಡಿಕೊಳ್ಳುವ ಆಸೆಯಿದ್ದವರಿಗೆ ನಮ್ಮ ಜಿಲ್ಲೆಯಲ್ಲೇ ಒಂದು ಒಳ್ಳೆಯ ಸಾಮಗ್ರಿ ಇದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಲೆಮಾರುಗಳಿಂದ ಹೆಜ್ಜೇನು, ತುಡುವೆ ಇಳಿಸುತ್ತಾ ಬಂದಿದ್ದಾರೆ. ಜೇನು ಸೋಸಿದ ಮೇಲೆ ಉಳಿಯುವ ಹುಟ್ಟನ್ನು ಕರಗಿಸಿ ಶೋಧಿಸಿದರೆ ಜೇನುಮೇಣ. ಒಂದು ಭಾಗ ಮೇಣಕ್ಕೆ ಮೂರರಿಂದ ನಾಲ್ಕು ಭಾಗ ಕೊಬ್ಬರಿ ಎಣ್ಣೆ, ತೂಕದ ಲೆಕ್ಕದಲ್ಲಿ. ಹತ್ತು ಗ್ರಾಂ ಮೇಣಕ್ಕೆ ಮೂವತ್ತೈದು ಗ್ರಾಂ ಎಣ್ಣೆ ಎಂದಿಟ್ಟುಕೊಳ್ಳಿ. ಒಲೆಯ ಮೇಲೆ ನೇರವಾಗಿ ಇಡಬಾರದು. ಮೇಣಕ್ಕೆ ಬೆಂಕಿ ಹತ್ತಿಕೊಳ್ಳುತ್ತದೆ. ಒಂದು ಪಾತ್ರೆಯಲ್ಲಿ ನೀರು ಕಾಯಲಿಟ್ಟು, ಅದರೊಳಗೆ ಸಣ್ಣ ಸ್ಟೀಲ್ ಬಟ್ಟಲು ಇಟ್ಟು, ಮೊದಲು ತುರಿದ ಮೇಣವನ್ನು ಹಾಕಿ. ಅರವತ್ತೆರಡು ಅರವತ್ನಾಲ್ಕು ಡಿಗ್ರಿ ಶಾಖಕ್ಕೆ ಅದು ಕರಗುತ್ತದೆ, ಅಂದರೆ ನೀರು ಕುದಿಯುವ ಮುಂಚೆಯೇ. ಕರಗಿ ತಿಳಿಯಾದ ಮೇಲೆ ಎಣ್ಣೆ ಹಾಕಿ ಕಲಸಿ. ಒಂದು ಹನಿಯನ್ನು ತಣ್ಣನೆಯ ತಟ್ಟೆಯ ಮೇಲೆ ಬಿಟ್ಟು ನೋಡಿ. ಆರಿದ ಹನಿ ಬೆರಳಿಗೆ ಗಟ್ಟಿಯಾಗಿ ಸಿಕ್ಕಿ, ಉಜ್ಜಿದಾಗ ಜಾರಿದರೆ ಹದ ಬಂತು. ಮೇಣದ ಚಕ್ಕೆಯಂತೆ ಒಡೆದರೆ ಇನ್ನೊಂದು ಚಮಚ ಎಣ್ಣೆ. ಒಣಗಿದ ಶುಚಿಯಾದ ಡಬ್ಬಿಗೆ ಸುರಿದು ಮುಚ್ಚಿಡಿ, ಒಂದು ತೊಟ್ಟು ನೀರೂ ಬೀಳಬಾರದು. ಬರೀ ಕೊಬ್ಬರಿ ಎಣ್ಣೆ ನಮ್ಮ ಡಿಸೆಂಬರ್ ಬೆಳಗಿನಲ್ಲಿ ಹೆಪ್ಪುಗಟ್ಟುತ್ತದೆ, ಏಪ್ರಿಲ್ ಮಧ್ಯಾಹ್ನ ನೀರಾಗಿ ಗಲ್ಲಕ್ಕೆ ಇಳಿಯುತ್ತದೆ. ಮೇಣ ಸೇರಿದರೆ ಎರಡು ಕಾಲಕ್ಕೂ ನಿಲ್ಲುತ್ತದೆ. ಡಬ್ಬಿ ಒಬ್ಬೊಬ್ಬರಿಗೆ ಒಂದೊಂದು ಇರಲಿ. ತುಟಿಯ ಅಂಚಿನಲ್ಲಿ ಜ್ವರದ ನಂತರ ಏಳುವ ನೀರ್ಗುಳ್ಳೆಗಳು ಒಂದು ವೈರಸ್ಸಿನಿಂದ ಬರುವಂಥವು. ಬೆರಳು, ಬಟ್ಟೆ, ಮುತ್ತಿನಿಂದ ಒಬ್ಬರಿಂದೊಬ್ಬರಿಗೆ ಹರಡುತ್ತವೆ. ಆ ಗುಳ್ಳೆ ಇರುವಾಗ ಹಸುಗೂಸಿಗೆ ಮುತ್ತಿಡಲೇಬಾರದು.

ಹೊಕ್ಕುಳಿಗೆ ಎಣ್ಣೆ ಬಿಟ್ಟುಕೊಂಡರೆ ತುಟಿ ಒಡೆಯುವುದಿಲ್ಲ ಎಂಬ ನಂಬಿಕೆ ಮನೆಮನೆಯಲ್ಲಿದೆ. ಗರ್ಭದಲ್ಲಿದ್ದಾಗ ಹೊಕ್ಕುಳಬಳ್ಳಿಯ ರಕ್ತನಾಳಗಳು ಮಗುವಿಗೆ ಜೀವಾಳವಾಗಿದ್ದವು, ನಿಜ. ಹುಟ್ಟಿದ ಮೇಲೆ ಅವು ಮುಚ್ಚಿಹೋಗುತ್ತವೆ. ಅಲ್ಲಿ ಬಿಟ್ಟ ಎಣ್ಣೆ ಹೊಟ್ಟೆಯ ಚರ್ಮಕ್ಕೆ ಮಾತ್ರ ಉಪಯೋಗ. ಆ ಎರಡು ತೊಟ್ಟನ್ನು ತುಟಿಗೇ ಹಚ್ಚಿಬಿಡಿ.

ಹಚ್ಚಬಾರದ್ದನ್ನೂ ಹೇಳಬೇಕು. ಅರಿಶಿನ ಬೆಳೆಯುವ ನಾಡಿನಲ್ಲಿ ಅರಿಶಿನದ ವಿರುದ್ಧ ಮಾತಾಡುವುದು ಕಷ್ಟ. ಅರಿಶಿನಕ್ಕೆ ಗುಣವಿಲ್ಲ ಎಂದು ನಾನು ಹೇಳುತ್ತಿಲ್ಲ. ಒಣಪುಡಿ ತೇವವನ್ನು ಹೀರುತ್ತದೆ, ಬಿರುಕಿನೊಳಗೆ ಕಣವಾಗಿ ಕೂರುತ್ತದೆ, ಕೆಲವರ ಚರ್ಮಕ್ಕೆ ಅದು ಒಗ್ಗುವುದೂ ಇಲ್ಲ. ಅಂಗಡಿಯ ಬಿಡಿ ಪುಡಿಯಲ್ಲಿ ಬಣ್ಣ ಬೆರೆಸುವವರೂ ಇದ್ದಾರೆ. ಸೀಸವಿರುವ ಹಳದಿ ಬಣ್ಣವನ್ನು ತುಟಿಗೆ ಹಚ್ಚಿಕೊಂಡರೆ ನೇರ ಹೊಟ್ಟೆಗೇ ಹೋಗುತ್ತದೆ. ನಿಂಬೆರಸ, ಸಕ್ಕರೆ ಹಾಕಿ ಉಜ್ಜುವುದು, ಹಲ್ಲುಜ್ಜುವ ಪೇಸ್ಟ್, ಕರ್ಪೂರ ಮತ್ತು ಪುದೀನ ಸತ್ವದ ಮುಲಾಮು, ಇವೆಲ್ಲ ತಣ್ಣಗೆನಿಸಿ ಒಳಗೊಳಗೇ ಕೆರಳಿಸುತ್ತವೆ. ಹೊಸ ಪೇಸ್ಟಿಗೆ ಬದಲಾದ ಮೇಲೆ ತುಟಿ ಒಡೆಯತೊಡಗಿತೇ ಎಂದು ಒಂದು ಸಲ ಯೋಚಿಸಿ. ಹೊಸ ಲಿಪ್‌ಸ್ಟಿಕ್ಕಿಗೂ ಇದೇ ಪ್ರಶ್ನೆ. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿರುವ ಹುಡುಗ ಹುಡುಗಿಯರಿಗೆ ತುಟಿ ಒಡೆದೇ ಒಡೆಯುತ್ತದೆ. ಅವರು ವ್ಯಾಸಲೀನ್ ಹಚ್ಚುತ್ತಲೇ ಇರಬೇಕು, ಕೊಟ್ಟ ವೈದ್ಯರಿಗೆ ತಿಳಿಸಬೇಕು. ಮಾವಿನ ಕಾಲದಲ್ಲಿ ತೊಟ್ಟು ಮುರಿದ ಕಾಯನ್ನು ತೊಳೆಯದೆ ಕಚ್ಚಿದರೆ ಸೊನೆ ತಾಗಿ ತುಟಿ ಊದಿ, ಗುಳ್ಳೆಯೆದ್ದು, ಆಮೇಲೆ ಸಿಪ್ಪೆಯೇಳುತ್ತದೆ. ಹಣ್ಣನ್ನು ನೀರಲ್ಲಿ ನೆನೆಸಿಟ್ಟು, ತೊಟ್ಟಿನ ಭಾಗ ಕತ್ತರಿಸಿ ತೆಗೆದು, ಸಿಪ್ಪೆ ಸುಲಿದು ಕೊಡುವ ಹಳೆಯ ಪದ್ಧತಿ ಅದಕ್ಕೇ ಬಂದದ್ದು.

ಹಸುಗೂಸುಗಳ ವಿಷಯದಲ್ಲಿ ಎರಡು ಮಾತನ್ನು ಒತ್ತಿ ಹೇಳುತ್ತೇನೆ, ತಾಯಂದಿರೂ ಅಜ್ಜಿಯಂದಿರೂ ದಯವಿಟ್ಟು ಕೇಳಿ. ಒಂದು ವರ್ಷ ತುಂಬದ ಮಗುವಿನ ತುಟಿಗೆ, ನಾಲಿಗೆಗೆ ಜೇನುತುಪ್ಪ ಸವರಬೇಡಿ. ಎಷ್ಟೇ ಶುದ್ಧವಾದ ಕಾಡುಜೇನಿನಲ್ಲೂ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಾಣುಗಳು ಇರಬಹುದು. ದೊಡ್ಡವರ ಕರುಳಿನಲ್ಲಿ ಅವು ಬೆಳೆಯುವುದಿಲ್ಲ; ಕೂಸಿನ ಕರುಳಿನಲ್ಲಿ ಬೆಳೆದು ವಿಷ ಬಿಟ್ಟು ಮಗುವಿನ ಸ್ನಾಯುಗಳನ್ನೇ ಸಡಿಲ ಮಾಡಿಬಿಡುತ್ತವೆ. ಬಾಯಿಹುಣ್ಣಿಗೆಂದು ಬಿಳಿಗಾರವನ್ನು ಜೇನಿನಲ್ಲಿ ತೇದು ಹಚ್ಚುವುದೂ ಬೇಡ. ಬಿಳಿಗಾರ ಎಂದರೆ ಬೊರಾಕ್ಸ್. ಕೂಸಿನ ಮೈಗೆ ಅದು ವಿಷ. ಎಳೆಯ ಮಗುವಿನ ಒಣತುಟಿಗೆ ತಾಯಿಯ ಹಾಲೂ ಒಂದಿಷ್ಟು ವ್ಯಾಸಲೀನೂ ಸಾಕು. ವಾಂತಿ ಭೇದಿಯಾಗಿ ಮಗುವಿನ ತುಟಿ ಒಣಗಿದ್ದರೆ ಅದು ಮೈಯಲ್ಲಿ ನೀರು ಇಳಿದ ಗುರುತು. ಆಗ ತುಟಿಯನ್ನು ಬಿಟ್ಟು ಓಆರ್‌ಎಸ್ ಕಡೆ ನೋಡಬೇಕು.

ಈಗ ಕಟವಾಯಿಗೆ ಬರೋಣ. ತುಟಿಯ ನಡುವೆ ಬಿರುಕು ಬಿಟ್ಟರೆ ಗಾಳಿಯನ್ನು ದೂರಬಹುದು. ಬಾಯಿಯ ಎರಡೂ ಮೂಲೆಯಲ್ಲಿ ಬಿರಿದು, ಬೆಳ್ಳಗೆ ನೆನೆದಂತಾಗಿ, ಆಕಳಿಸಿದರೆ ಸೀಳಿದಂತೆ ನೋವಾಗುತ್ತಿದ್ದರೆ ಕಾರಣ ಬೇರೆಲ್ಲೋ ಇದೆ. ಆ ಕಾರಣವನ್ನು ಹುಡುಕಿದ ಕಥೆ ನಮ್ಮ ನೆರೆಯಲ್ಲೇ ಶುರುವಾಗುತ್ತದೆ.

ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡು ದಾಟಿ ಊಟಿಗೆ ಹೋಗುವ ರಸ್ತೆ ನಿಮಗೆ ಗೊತ್ತು. ಊಟಿಯಿಂದ ಕೆಳಗಿಳಿದರೆ ಕೂನೂರು. ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ವೈದ್ಯ ಕಟ್ಟಿ ಬೆಳೆಸಿದ ಪೋಷಣೆಯ ಸಂಶೋಧನಾಲಯ ಅಲ್ಲಿತ್ತು. 1958ರಲ್ಲಿ ಅದು ಹೈದರಾಬಾದಿಗೆ ಹೋಗಿ, ಮುಂದೆ ಇಂದಿನ ರಾಷ್ಟ್ರೀಯ ಪೋಷಣ ಸಂಸ್ಥೆಯಾಯಿತು. 1930ರ ದಶಕದಲ್ಲಿ ಕೂನೂರಿನಲ್ಲಿ ನಿರ್ದೇಶಕರಾಗಿದ್ದ ಡಬ್ಲ್ಯು. ಆರ್. ಐಕ್ರಾಯ್ಡ್ ಮತ್ತು ಅವರ ಜೊತೆಗಾರ ಬಿ. ಜಿ. ಕೃಷ್ಣನ್ ದಕ್ಷಿಣ ಭಾರತದ ಮಕ್ಕಳಲ್ಲಿ ಕಾಣುತ್ತಿದ್ದ ಕಟವಾಯಿಯ ಬಿರುಕು, ನಾಲಿಗೆಯ ಹುಣ್ಣನ್ನು ಅಭ್ಯಾಸ ಮಾಡಿ, ಇದು ಬಿ2 ಜೀವಸತ್ವದ ಕೊರತೆ ಎಂದು ಬರೆದರು. 1938ರಲ್ಲಿ ಅಮೆರಿಕದ ಸೆಬ್ರೆಲ್ ಮತ್ತು ಬಟ್ಲರ್ ಎಂಬ ವಿಜ್ಞಾನಿಗಳು, ಊಟದಲ್ಲಿ ರೈಬೋಫ್ಲಾವಿನ್ ಇಲ್ಲವಾದರೆ ತುಟಿಯ ಮೂಲೆ ಒಡೆಯುತ್ತದೆ, ಕೊಟ್ಟರೆ ವಾಸಿಯಾಗುತ್ತದೆ ಎಂದು ತೋರಿಸಿಕೊಟ್ಟರು. ಬಿ2 ಎಂದರೂ ರೈಬೋಫ್ಲಾವಿನ್ ಎಂದರೂ ಒಂದೇ. ನಮ್ಮ ನೆರೆಬೆಟ್ಟದ ಮೇಲೆ, ನಮ್ಮಂಥದೇ ಊಟ ಮಾಡುವ ಮಕ್ಕಳ ಬಾಯಿ ನೋಡಿ ಅರಿತ ಸಂಗತಿ ಇದು.

ಆ ಜೀವಸತ್ವ ಎಲ್ಲಿದೆ? ಹಾಲು, ಮೊಸರು, ಮೊಟ್ಟೆ, ಈಲಿ, ಸೊಪ್ಪು, ಕಾಳುಗಳಲ್ಲಿ. ಪಡಿತರದ ಪಾಲಿಶ್ ಮಾಡಿದ ಬಿಳಿ ಅಕ್ಕಿಗಿಂತ ರಾಗಿಯಲ್ಲಿ ಹೆಚ್ಚು. ಇದು ಬೆಂಕಿಯ ಶಾಖಕ್ಕೆ ಅಷ್ಟಾಗಿ ಹಾಳಾಗುವುದಿಲ್ಲ. ಆದರೆ ನೀರಿನಲ್ಲಿ ಕರಗಿ ಹೋಗುತ್ತದೆ, ಬೆಳಕಿಗೆ ನಾಶವಾಗುತ್ತದೆ. ಸೊಪ್ಪು ಬೇಯಿಸಿದ ನೀರನ್ನು ಚೆಲ್ಲಿದರೆ ಅರ್ಧ ಗುಣ ಚರಂಡಿಗೆ ಹೋಯಿತೆಂದೇ ಲೆಕ್ಕ. ಹಾಲನ್ನು ಬಿಸಿಲಲ್ಲಿ ತೆರೆದಿಟ್ಟರೂ ಅಷ್ಟೇ. ಇಲ್ಲಿ ನಮ್ಮ ಕಡೆಯ ಅಡುಗೆಯ ಬಗ್ಗೆ ಹೆಮ್ಮೆಯಿಂದ ಒಂದು ಮಾತು ಹೇಳಬೇಕು. ಉಪ್ಸಾರಿನಲ್ಲಿ, ಬಸ್ಸಾರಿನಲ್ಲಿ ಸೊಪ್ಪು ಕಾಳು ಬೆಂದ ಕಟ್ಟನ್ನು ಬಸಿದು, ಅದನ್ನೇ ಸಾರು ಮಾಡಿ ಮುದ್ದೆಗೆ ಬಿಟ್ಟುಕೊಳ್ಳುತ್ತೇವೆ. ಒಂದು ತೊಟ್ಟೂ ಹೊರಗೆ ಹೋಗುವುದಿಲ್ಲ. ರಾಗಿ ಮುದ್ದೆ, ಕೀರೆಸೊಪ್ಪು ಅಥವಾ ನುಗ್ಗೆಸೊಪ್ಪು ಹಾಕಿದ ಉಪ್ಸಾರು, ಕೊನೆಗೆ ಒಂದು ಲೋಟ ಮಜ್ಜಿಗೆ: ಕಟವಾಯಿ ಒಡೆಯದಂತೆ ಕಾಯಲು ಇದಕ್ಕಿಂತ ಒಳ್ಳೆಯ ಊಟ ಯಾವ ಪುಸ್ತಕದಲ್ಲೂ ಇಲ್ಲ. ಈ ಊಟ ಬಿಟ್ಟು ಬೆಳಿಗ್ಗೆ ಟೀ ಬನ್ನು, ಮಧ್ಯಾಹ್ನ ತಿಳಿಸಾರು ಅನ್ನ, ಸಂಜೆ ಅಂಗಡಿಯ ಕುರುಕಲು ಎಂದಾದ ಮನೆಗಳಲ್ಲಿ ಮಕ್ಕಳ ಕಟವಾಯಿ ಒಡೆಯುತ್ತದೆ. 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯ ಯೋಜನೆ ಶುರುವಾದಾಗಿನಿಂದ ಸರ್ಕಾರಿ ಶಾಲೆಯಲ್ಲೂ ಅಂಗನವಾಡಿಯಲ್ಲೂ ಹಾಲು ಸಿಗುತ್ತಿದೆ, ಶಾಲೆಯಲ್ಲಿ ಮೊಟ್ಟೆಯೂ ಬಂದಿದೆ. "ನಮ್ಮ ಮಗು ಶಾಲೆ ಹಾಲು ಕುಡಿಯಲ್ಲ" ಎನ್ನುವ ತಾಯಂದಿರು ಒಂದು ಸಲ ಹೋಗಿ ಕೂತು ಕುಡಿಸಿ ಬನ್ನಿ. ಹಾಲನ್ನೆಲ್ಲ ಡೇರಿಗೆ ಹಾಕಿ ಮನೆಮಕ್ಕಳಿಗೆ ಕರಿ ಟೀ ಕೊಡುವವರಿಗೂ ನನ್ನ ವಿನಂತಿ: ಒಂದು ಲೋಟ ಮನೆಯಲ್ಲಿ ಉಳಿಸಿ.

ಬಿ2 ಒಂದೇ ಕಾರಣವಲ್ಲ. ರಕ್ತಹೀನತೆಯಿದ್ದರೂ ಕಟವಾಯಿ ಒಡೆಯುತ್ತದೆ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಾಗ ಬಿಳಿಚಿಕೊಂಡಿದ್ದರೆ ರಕ್ತ ಪರೀಕ್ಷೆ ಮಾಡಿಸಿ. ಊಟದ ಬೆನ್ನಿಗೇ ಟೀ ಕುಡಿಯುವ ಅಭ್ಯಾಸ ಕಬ್ಬಿಣದ ಅಂಶ ಮೈಗೆ ಹತ್ತದಂತೆ ಮಾಡುತ್ತದೆ. ಒಂದು ಗಂಟೆಯಾದರೂ ಅಂತರ ಇರಲಿ. ವಯಸ್ಸಾದವರಲ್ಲಿ ಹಲ್ಲು ಬಿದ್ದು ದವಡೆ ಕುಗ್ಗಿದಾಗ, ಹಳೆಯ ಹಲ್ಲುಸೆಟ್ಟು ಸಡಿಲವಾದಾಗ ಬಾಯಿಯ ಮೂಲೆ ಮಡಿಕೆ ಬೀಳುತ್ತದೆ. ಅಲ್ಲಿ ಎಂಜಲು ನಿಂತು, ಶಿಲೀಂಧ್ರ ಬೆಳೆಯುತ್ತದೆ. ಇದಕ್ಕೆ ತುಪ್ಪ ಸಾಲದು, ಶಿಲೀಂಧ್ರದ ಮುಲಾಮು ಬೇಕು, ಹಲ್ಲುಸೆಟ್ಟನ್ನು ರಾತ್ರಿ ತೆಗೆದು ತೊಳೆದಿಡಬೇಕು. ಕಟವಾಯಿ ವಾಸಿಯಾಗಿ ಮತ್ತೆ ಮತ್ತೆ ಬರುತ್ತಿದ್ದರೆ ಸಕ್ಕರೆ ಕಾಯಿಲೆಯ ಪರೀಕ್ಷೆ ಮಾಡಿಸಲೇಬೇಕು. ಎಷ್ಟೋ ಜನರಿಗೆ ಸಕ್ಕರೆ ಇರುವುದು ಮೊದಲು ಗೊತ್ತಾಗುವುದು ಇಂಥ ಸಣ್ಣ ಗುರುತಿನಿಂದಲೇ.

ಇನ್ನು ಬಿದ್ದು, ಪೆಟ್ಟು ತಗುಲಿ ಸೀಳಿದ ತುಟಿ. ಜಗಲಿ ಕಟ್ಟೆಯಿಂದ ಜಾರಿದ ಮಗು, ಕಬಡ್ಡಿಯಲ್ಲಿ ಮೊಣಕೈ ತಗುಲಿದ ಹುಡುಗ, ದನದ ಕೋಡು ತಾಗಿದವರು, ಬೈಕಿನಿಂದ ಬಿದ್ದವರು. ತುಟಿಗೆ ರಕ್ತನಾಳಗಳು ಹೇರಳ, ಆದ್ದರಿಂದ ಸಣ್ಣ ಗಾಯಕ್ಕೂ ಅಂಗಿಯೆಲ್ಲ ಕೆಂಪಾಗುತ್ತದೆ. ಗಾಬರಿಯಾಗಬೇಡಿ. ಗಾಯಗೊಂಡವರನ್ನು ಕೂರಿಸಿ ಸ್ವಲ್ಪ ಮುಂದಕ್ಕೆ ಬಾಗಿಸಿ. ಮಲಗಿಸಿದರೆ ರಕ್ತ ಗಂಟಲಿಗೆ ಹೋಗುತ್ತದೆ. ಬಾಯೊಳಗೆ ಹಲ್ಲಿನ ಚೂರು ಇದೆಯೇ ನೋಡಿ. ಕೈ ತೊಳೆದುಕೊಂಡು, ಶುಚಿಯಾದ ಬಟ್ಟೆಯನ್ನು ಮಡಚಿ ಗಾಯದ ಮೇಲೆ ಹತ್ತು ನಿಮಿಷ ಒತ್ತಿ ಹಿಡಿಯಿರಿ. ನಿಂತಿತೇ ಎಂದು ನಿಮಿಷಕ್ಕೊಮ್ಮೆ ತೆಗೆದು ನೋಡಿದರೆ ಕಟ್ಟಿದ ಹೆಪ್ಪು ಕಿತ್ತುಬರುತ್ತದೆ. ಆಮೇಲೆ ಕುಡಿಯುವ ನೀರಿನಲ್ಲಿ ತೊಳೆಯಿರಿ. ಊತಕ್ಕೆ ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಹೊರಗಿನಿಂದ ಇಡಿ. ಕಾಫಿಪುಡಿ, ಸುಣ್ಣ, ಅರಿಶಿನ, ಒಲೆಯ ಬೂದಿ ಮೆತ್ತಬೇಡಿ. ಹೊಲಿಗೆ ಹಾಕುವ ಮುಂಚೆ ಆ ಪುಡಿಯನ್ನೆಲ್ಲ ಉಜ್ಜಿ ತೆಗೆಯಬೇಕಾಗುತ್ತದೆ. ಆ ನೋವು ಮೊದಲ ಪೆಟ್ಟಿಗಿಂತ ಹೆಚ್ಚು.

ಬಾಯೊಳಗಿನ ಸಣ್ಣ ಗಾಯ ಬೇಗ ಕೂಡಿಕೊಳ್ಳುತ್ತದೆ. ಉಂಡಾದ ಮೇಲೆ ಉಪ್ಪುನೀರಿನಲ್ಲಿ ಮುಕ್ಕಳಿಸಿ, ಖಾರ ಬಿಟ್ಟರೆ ಸಾಕು. ಆದರೆ ತುಟಿಯ ಕೆಂಪು ಮುಗಿದು ಮುಖದ ಚರ್ಮ ಶುರುವಾಗುವ ಗೆರೆ ಇದೆಯಲ್ಲ, ಸೀಳು ಆ ಗೆರೆಯನ್ನು ದಾಟಿದ್ದರೆ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಗೆರೆಯ ಎರಡು ತುದಿ ಒಂದು ಮಿಲಿಮೀಟರ್ ಆಚೀಚೆ ಕೂಡಿಕೊಂಡರೂ ಜೀವಮಾನವಿಡೀ ಎದುರಿಗೆ ನಿಂತವರ ಕಣ್ಣಿಗೆ ಬೀಳುತ್ತದೆ. ಒಳಗಿನಿಂದ ಹೊರಗೆ ಆರಪಾರ ಆದ ಗಾಯ, ಬಾಯಿಬಿಟ್ಟುಕೊಂಡ ಗಾಯ, ಹದಿನೈದು ನಿಮಿಷ ಒತ್ತಿ ಹಿಡಿದರೂ ನಿಲ್ಲದ ರಕ್ತ, ಇವಕ್ಕೂ ಅಂದೇ, ಆದಷ್ಟು ಬೇಗ, ಹೊಲಿಗೆ ಬೇಕು. ಧನುರ್ವಾಯುವಿನ ಚುಚ್ಚುಮದ್ದು, ನೀವು ಟಿಟಿ ಎನ್ನುವುದು, ಈಗ ಟಿಡಿ ಎಂಬ ಹೆಸರಿನಲ್ಲಿ ಬರುತ್ತದೆ. ಕೊಳಕು ಗಾಯವಾಗಿದ್ದು ಹಿಂದಿನ ಚುಚ್ಚುಮದ್ದಿಗೆ ಐದು ವರ್ಷ ಮೀರಿದ್ದರೆ ಹಾಕಿಸಿಕೊಳ್ಳಿ. ದೊಡ್ಡವರ ಹಲ್ಲು ಬುಡಸಮೇತ ಕಳಚಿ ಬಿದ್ದಿದ್ದರೆ ಬುಡವನ್ನು ಮುಟ್ಟದೆ, ನೀರಿನಲ್ಲಿ ಒಮ್ಮೆ ತೊಳೆದು, ಹಾಲಿನ ಲೋಟದಲ್ಲಿ ಹಾಕಿಕೊಂಡು ಒಂದು ಗಂಟೆಯೊಳಗೆ ದಂತವೈದ್ಯರಲ್ಲಿಗೆ ಹೋದರೆ ಮತ್ತೆ ಕೂರಿಸುವ ಸಾಧ್ಯತೆಯಿದೆ. ನಾಯಿ ಕಚ್ಚಿ ತುಟಿ ಸೀಳಿದ್ದರೆ ಸೋಪು ನೀರು ಹಾಕಿ ಹದಿನೈದು ನಿಮಿಷ ತೊಳೆದು ತಕ್ಷಣ ಹೊರಡಿ. ಮುಖದ ಮೇಲಿನ ಕಡಿತಕ್ಕೆ ರೇಬೀಸ್ ಲಸಿಕೆಯ ಜೊತೆಗೆ ಗಾಯದ ಸುತ್ತ ಕೊಡುವ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕು. ನಾಟಿ ಔಷಧಿ, ಯಂತ್ರ ಮಂತ್ರ ಎಂದು ಒಂದು ದಿನ ಕಳೆದರೂ ಅಪಾಯ.

ಕೊನೆಗೆ ಉಳಿದದ್ದು, ನನಗೆ ಹೆಚ್ಚು ಚಿಂತೆ ತರುವಂಥದ್ದು. ನಮ್ಮ ಸೀಮೆಯಲ್ಲಿ ಎಲೆ ಅಡಿಕೆಯ ಜೊತೆ ಸುಣ್ಣ, ಹೊಗೆಸೊಪ್ಪಿನ ಕಡ್ಡಿಪುಡಿ ಹಾಕುವವರು ಬಹಳ. ಹೆಂಗಸರು ಕಡ್ಡಿಪುಡಿಯನ್ನು ಕೆಳತುಟಿಯ ಒಳಗೆ ಒತ್ತಿಟ್ಟುಕೊಂಡು ದಿನವಿಡೀ ಕಳೆ ಕೀಳುತ್ತಾರೆ. ಹಸಿವು, ಹಲ್ಲುನೋವು, ಸೊಂಟನೋವು ಎಲ್ಲಕ್ಕೂ ಅದೇ ಆಸರೆ ಎಂಬುದು ನನಗೆ ತಿಳಿಯದ್ದೇನಲ್ಲ. ಸುಣ್ಣ ತುಟಿಯನ್ನು ಸುಡುತ್ತದೆ. ಸುಟ್ಟ ಜಾಗದಲ್ಲಿ ಹೊಗೆಸೊಪ್ಪಿನ ವಿಷ ನಿಲ್ಲುತ್ತದೆ. ಹೊರಗೆ ಬಿಸಿಲು. ಕೆಳತುಟಿ ಆಕಾಶಕ್ಕೆ ಮುಖಮಾಡಿ ಇರುವುದರಿಂದ ಮೇಲ್ತುಟಿಗಿಂತ ಹೆಚ್ಚು ಬಿಸಿಲು ಅದಕ್ಕೇ. ತುಟಿಯ ಕ್ಯಾನ್ಸರ್ ಹೆಚ್ಚಾಗಿ ಕೆಳತುಟಿಯಲ್ಲೇ ಕಾಣಿಸಿಕೊಳ್ಳುತ್ತದೆ. ಅದು ಶುರುವಾಗುವಾಗ ದೊಡ್ಡ ಗಡ್ಡೆಯಾಗಿ ಬರುವುದಿಲ್ಲ. ಒಂದೇ ಜಾಗದಲ್ಲಿ ಒಂದು ಬಿರುಕು, ಒಂದು ಹಕ್ಕಳೆ, ಒಂದು ಬಿಳಿ ಮಚ್ಚೆ. ಬೇರೆ ಬಿರುಕುಗಳೆಲ್ಲ ತುಪ್ಪಕ್ಕೆ ಮಾಗಿದರೂ ಅದೊಂದು ಮಾಗುವುದಿಲ್ಲ. ಮುಟ್ಟಿದರೆ ಕೆಳಗೆ ಗಟ್ಟಿ. ಹೆಚ್ಚಿನ ಸಲ ನೋವೂ ಇರುವುದಿಲ್ಲ, ಅದೇ ಮೋಸ. ನೋಯದೆ ಇದ್ದರೆ ನಮ್ಮ ಜನ ಆಸ್ಪತ್ರೆಗೆ ಬರುವುದಿಲ್ಲ. ಬರುವ ಹೊತ್ತಿಗೆ ಗದ್ದದ ಕೆಳಗೆ ಗಂಟು ಇಳಿದಿರುತ್ತದೆ. ಚಿಕ್ಕದಿರುವಾಗ ಬಂದವರಿಗೆ ಸಣ್ಣ ಆಪರೇಷನ್ನಿನಲ್ಲಿ ಪೂರ್ತಿ ವಾಸಿಯಾಗುವ ಕಾಯಿಲೆ ಇದು.

ಹೊಲಕ್ಕೆ ಹೋಗುವ ಗಂಡಸರು ತಲೆಗೆ ಟವಲ್ ಸುತ್ತುತ್ತಾರೆ, ಮುಖಕ್ಕೆ ನೆರಳಿಲ್ಲ. ಸುತ್ತಲೂ ಅಂಚಿರುವ ಟೋಪಿ ಹಾಕಿಕೊಳ್ಳಿ. ಹೆಂಗಸರು ಸೆರಗನ್ನು ಹಣೆಯಿಂದ ಮುಂದಕ್ಕೆ ಎಳೆದುಕೊಳ್ಳಿ. ಕಡ್ಡಿಪುಡಿ ಒಂದೇ ದಿನಕ್ಕೆ ಬಿಡಲಾಗದಿದ್ದರೆ ರಾತ್ರಿ ಬಾಯಲ್ಲಿಟ್ಟುಕೊಂಡು ಮಲಗುವುದನ್ನಾದರೂ ಇವತ್ತೇ ಬಿಡಿ. ಬಿಡಲು ನೆರವು ಬೇಕಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ, ಸಂಕೋಚ ಬೇಡ.

ಈ ಮಾತು ಕೇಳುತ್ತಿರುವ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳಲ್ಲಿ ನನ್ನದೊಂದು ಬೇಡಿಕೆ. ಈ ಭಾನುವಾರ ಬೆಳಿಗ್ಗೆ ಮನೆಯ ಹಿರಿಯರನ್ನು ಜಗಲಿಯ ಬೆಳಕಿನಲ್ಲಿ ಕೂರಿಸಿ, ಬಾಯಿ ಮುಕ್ಕಳಿಸಲು ಹೇಳಿ, ಕೆಳತುಟಿಯನ್ನು ಬೆರಳಿನಿಂದ ಹೊರಳಿಸಿ ಒಳಗೂ ಹೊರಗೂ ನೋಡಿ. ಎರಡು ವಾರವಾದರೂ ಮಾಯದ ಬಿರುಕಾಗಲಿ, ಹುಣ್ಣಾಗಲಿ, ಬಿಳಿ ಅಥವಾ ಕೆಂಪು ಮಚ್ಚೆಯಾಗಲಿ ಕಂಡರೆ, ನೋವಿರಲಿ ಇಲ್ಲದಿರಲಿ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಗೋ ಅವರನ್ನು ಕರೆದುಕೊಂಡು ಬನ್ನಿ. "ತಾನೇ ವಾಸಿ ಆಯ್ತದ" ಎಂದು ಅವರು ಹೇಳಿದರೂ ಬಿಡಬೇಡಿ, ಜೊತೆಯಲ್ಲಿ ನೀವೇ ಬನ್ನಿ.